ನಮ್ಮ ಅಂಗಡಿ ವೆಬ್‌ಸೈಟ್ ನೋಡಿಕೊಟ್ಟವರಿಗೆ

ಚನ್ನಪಟ್ಟಣದ ನಮ್ಮ ಬೊಂಬೆ ಅಂಗಡಿಯ ವೆಬ್‌ಸೈಟನ್ನು ಹಳೇ ಫೋನಿನಲ್ಲಿ ತೆರೆದು ನೋಡಿ, ತಿದ್ದಬೇಕಾದ್ದನ್ನೆಲ್ಲ ಬರೆದು ಕಳಿಸಿದವರೇ, ತುಂಬಾ ಥ್ಯಾಂಕ್ಸ್. ಹೆಸರು ಬೇಡ ಅಂದಿರಿ, ಹಾಕಿಲ್ಲ.

ಹಳದಿ ಮೇಲಿನ ಬಿಳಿ ಅಕ್ಷರ ಬಿಸಿಲಲ್ಲಿ ಕಾಣುವುದಿಲ್ಲ ಅಂದಿರಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ) ಇರಬೇಕು ಅನ್ನುವುದು ಗೊತ್ತಾಗಿದ್ದೇ ನಿಮ್ಮಿಂದ. ಈಗ ಕಪ್ಪು ಅಕ್ಷರ ಹಾಕಿದ್ದೇವೆ. ತಾನಾಗಿ ಓಡುತ್ತಿದ್ದ ಫೋಟೋ ಸಾಲನ್ನೂ ತೆಗೆದೆವು (ಅಣ್ಣನಿಗೆ ಇನ್ನೂ ಬೇಜಾರಿದೆ!). ಅಲ್ಲೀಗ ಒಂದೇ ಫೋಟೋ: ಆಲೆ ಮರದ ಬುಗುರಿ, ಕೆಳಗೆ ಬೆಲೆ, ಅಳತೆ. ಫೋಟೋಗಳ ಸೈಜ್ ಇಳಿಸಿದ್ದಕ್ಕೆ ಪುಟ ಬೇಗ ತೆರೆಯುತ್ತದೆ. ನಂಬರ್ ಮುಟ್ಟಿದರೆ ನೇರ ಕರೆ ಹೋಗುತ್ತದೆ.

ಸುಮ್ನೆ ಚೆನ್ನಾಗಿದೆ ಅಂದುಬಿಡಬಹುದಿತ್ತು, ಅಲ್ವಾ? ನೀವು ಹಾಗೆ ಮಾಡಲಿಲ್ಲ. ದುಡ್ಡಂತೂ ತಗೊಳ್ಳಲಿಲ್ಲ, ವಿಳಾಸವನ್ನಾದರೂ ಕೊಡಿ, ಬೊಂಬೆ ಕಳಿಸುತ್ತೇವೆ.