ಅಡಿಕೆ ಆಮದು ದರ: ಕಾಗದದ ಬೇಲಿ ಸಾಲದು

ಮಾನ್ಯ ಸಂಪಾದಕರೇ,

ಹೊರದೇಶದ ಅಡಿಕೆಗೆ ಕಿಲೋಗೆ 351 ರೂಪಾಯಿ ಕನಿಷ್ಠ ಆಮದು ದರ ಇದೆ. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ತರಿಸುವಂತಿಲ್ಲ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಇದನ್ನು 251ರಿಂದ 351ಕ್ಕೆ ಏರಿಸಿದಾಗ ನಮಗೆ ನಿಜಕ್ಕೂ ಜೀವ ಬಂದಂತಾಯಿತು. ಆಮದು ಸುಂಕವೂ ಶೇ 100 ಇದೆ.

ಆದರೆ ಬೇಲಿ ಹಾಕಿದರೆ ಸಾಕೇ? ಕಂಡಿ ಮುಚ್ಚಬೇಕಲ್ವಾ? ಮ್ಯಾನ್ಮಾರ್ ಗಡಿಯಿಂದ ಈಶಾನ್ಯ ರಾಜ್ಯಗಳಿಗೆ ಕಳ್ಳದಾರಿಯಲ್ಲಿ ಅಡಿಕೆ ಬರುತ್ತಲೇ ಇದೆ. ‘ಹುರಿದ ಅಡಿಕೆ’ ಎಂಬ ಹೆಸರಲ್ಲೂ ಅಗ್ಗದ ಮಾಲು ಒಳಗೆ ಬರುತ್ತಿತ್ತು. ಅದಕ್ಕೂ 351ರ ಮಿತಿ ಬಂದದ್ದು 2025ರಲ್ಲಿ. ಅಷ್ಟು ತಡ ಯಾಕೆ? 2022ರಲ್ಲಿ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ದರದ ಷರತ್ತೇ ಇಲ್ಲದೆ ಅನುಮತಿ ಕೊಟ್ಟಾಗ ಬೆಳೆಗಾರರನ್ನು ಒಂದು ಮಾತು ಕೇಳಲಿಲ್ಲ ಎಂಬ ನೋವು ಇನ್ನೂ ಇದೆ.

ನಮ್ಮದು ಒಂದೂವರೆ ಎಕರೆ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೂರು ಸಲ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸುತ್ತೇವೆ. ಕೊಯ್ಲಾದ ಮೇಲೆ ಒಂದೂವರೆ ತಿಂಗಳು ಅಂಗಳದಲ್ಲಿ ಒಣಗಿಸಬೇಕು. ಮೋಡ ಕಂಡರೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡುತ್ತೇವೆ. ಇಷ್ಟೆಲ್ಲ ಮಾಡಿ ಸುಲಿದ ಚಾಲಿಯನ್ನು (ಒಣಗಿಸಿದ ಅಡಿಕೆ) ಅಂಗಡಿಗೆ ಒಯ್ದರೆ, ‘ಹೊರಗಿನ ಮಾಲು ಜಾಸ್ತಿ ಬಂದಿದೆ, ರೇಟಿಲ್ಲ’ ಎಂಬ ಉತ್ತರ!

ಬಂದರಿನಲ್ಲಿ ಪ್ರತಿ ಕಂಟೇನರ್‌ನ ಮಾದರಿ ಪರೀಕ್ಷೆಯಾಗಲಿ. ಎಷ್ಟು ಅಡಿಕೆ, ಯಾವ ದೇಶದಿಂದ, ಯಾವ ದರಕ್ಕೆ ಬಂತು ಎಂಬುದನ್ನು ಪ್ರತಿ ತಿಂಗಳು ಕನ್ನಡದಲ್ಲೂ ಪ್ರಕಟಿಸಲಿ. ನಮ್ಮ ಸಂಸದರು ಈ ಅಧಿವೇಶನದಲ್ಲೇ ಇದನ್ನು ಕೇಳಬೇಕು.

– ಅಡಿಕೆ ಬೆಳೆಗಾರ, ಪುತ್ತೂರು ತಾಲ್ಲೂಕು