ಜಗಳವಿದ್ದದ್ದು ವಾಪಸು ಪ್ರಯಾಣದ ಖರ್ಚಿಗೆ

ಮಾನ್ಯ ಸಂಪಾದಕರೇ,

ಹತ್ತೊಂಬತ್ತನೇ ಶತಮಾನದಲ್ಲಿ ಇಷ್ಟು ವರ್ಷ ದುಡಿಯುತ್ತೇವೆಂದು ಕರಾರು ಬರೆದುಕೊಟ್ಟು ಕಡಲಾಚೆಗೆ ಹೋಗುತ್ತಿದ್ದ ಚೀನೀ ಕೂಲಿಗಳ ಸಾಗಾಟವನ್ನು ಬ್ರಿಟಿಷರು ಕರುಣೆಯಿಂದ ನಿಲ್ಲಿಸಿದರು ಎಂಬ ಮಾತು ಆಗಾಗ ಅಚ್ಚಾಗುತ್ತಿರುತ್ತದೆ. ಅವರ ಒತ್ತಡವೂ ಇತ್ತು, ಇಲ್ಲವೆನ್ನಲಾಗದು. ಆದರೆ ಸರ್ಕಾರಗಳು ಕಿತ್ತಾಡಿದ್ದು ಹೆಚ್ಚಾಗಿ ದುಡ್ಡಿಗೆ.

1855ರ ಚೀನೀ ಪ್ರಯಾಣಿಕರ ಕಾಯ್ದೆ ಹಾಂಗ್‌ಕಾಂಗ್‌ನಿಂದ ಹೊರಡುವ ಹಡಗುಗಳಿಗೆ ಜಾಗ, ನೀರು, ಊಟ, ವೈದ್ಯರ ನಿಯಮ ಹಾಕಿತು. ಕ್ಯೂಬಾ, ಪೆರುವಿನ ದಲ್ಲಾಳಿಗಳು ನದೀಮುಖದ ಆಚೆ ದಡದ ಮಕಾವ್‌ಗೆ ಸರಿದರು. ಅದು ಪೋರ್ಚುಗೀಸರ ಊರು. ಪರದೇಶದ ಬಾವುಟದ ಹಡಗಿಗೆ ಅಲ್ಲಿ ಈ ಕಾಯ್ದೆಯ ಹಂಗಿಲ್ಲ. ಕ್ಯೂಬಾದ ಕರಾರು 8 ವರ್ಷ, ಸಂಬಳ ತಿಂಗಳಿಗೆ 4 ಪೆಸೊ, ಮುಂಗಡ ಮುರಿದುಕೊಳ್ಳುವುದೂ ಅದರಲ್ಲೇ.

1866ರ ಮಾರ್ಚ್ 5ರಂದು ಪೀಕಿಂಗ್‌ನಲ್ಲಿ (ಈಗಿನ ಬೀಜಿಂಗ್) ಚೀನಾ ಸರ್ಕಾರದ ಪರವಾಗಿ ರಾಜಕುಮಾರ ಗೋಂಗ್, ಅವರ ಜೊತೆ ಬ್ರಿಟನ್, ಫ್ರಾನ್ಸ್ ಪ್ರತಿನಿಧಿಗಳು ಕೂಲಿಗಳ ಸಾಗಾಟದ ಒಪ್ಪಂದಕ್ಕೆ ಸಹಿ ಹಾಕಿದರು. ಕರಾರು 5 ವರ್ಷ ಮೀರಬಾರದು, ವಾರಕ್ಕೆ 6 ದಿನ, ದಿನಕ್ಕೆ ಒಂಬತ್ತೂವರೆ ಗಂಟೆ ದುಡಿಮೆ, ಅವಧಿ ಮುಗಿದರೆ ಊರಿಗೆ ಮರಳುವ ಖರ್ಚೂ ಕೊಡಬೇಕು. ವೆಸ್ಟ್ ಇಂಡೀಸಿನ ತೋಟದ ಮಾಲೀಕರು ತಕರಾರು ತೆಗೆದದ್ದು ಈ ಕೊನೆಯದಕ್ಕೆ. ಲಂಡನ್, ಪ್ಯಾರಿಸ್ ಒಪ್ಪಂದವನ್ನು ಮಂಜೂರು ಮಾಡಲಿಲ್ಲ; ಚೀನಾ ಷರತ್ತು ಬಿಡಲಿಲ್ಲ. ಸೋಜಿಗವೆಂದರೆ, ಬ್ರಿಟಿಷ್ ಗಯಾನಾದಲ್ಲಿ 10 ವರ್ಷ ಕಳೆದ ಭಾರತೀಯ ಕೂಲಿಗೆ ವಾಪಸು ಪ್ರಯಾಣದ ಅದೇ ಹಕ್ಕಿತ್ತು. ಮದ್ರಾಸು, ಕಲ್ಕತ್ತೆಗಳಿಂದ ಆಳು ಸಿಗುವಾಗ ಚೀನಾದವರಿಗೆ ಅಷ್ಟು ಸುರಿಯುವುದೇಕೆ ಎಂಬುದು ಮಾಲೀಕರ ಲೆಕ್ಕ. (ಆಗ ಬಳ್ಳಾರಿಯೂ ಮದ್ರಾಸು ಪ್ರಾಂತ್ಯದ್ದೇ.)

ಮಕಾವ್ ಬಾಗಿಲು ಮುಚ್ಚಿದ್ದು 1874ರಲ್ಲಿ. ಅದೇ ವರ್ಷ ಚೀನಾದ ಆಯೋಗ ಕ್ಯೂಬಾಕ್ಕೇ ಹೋಗಿ 1,176 ಕೂಲಿಗಳ ಹೇಳಿಕೆ ಬರೆಸಿಕೊಂಡಿತು.

ನಮ್ಮ ಜಿಲ್ಲೆಯ ಗುಳೆಯಲ್ಲೂ ಮೊದಲು ಮರೆಯಾಗುವುದು ಇದೇ ಷರತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೋಗಿಬರುವ ಚಾರ್ಜನ್ನೂ ಪ್ರಯಾಣದ ದಿನಗಳ ಕೂಲಿಯನ್ನೂ ಗುತ್ತಿಗೆದಾರನ ತಲೆಗೆ ಕಟ್ಟಿತ್ತು. ಆದರೆ ರಾಜ್ಯದ ಗಡಿ ದಾಟಿದರೆ ಮಾತ್ರ. ಲಿಂಗಸುಗೂರಿನಿಂದ ಮೇಸ್ತ್ರಿಯ ಹಿಂದೆ ಹೈದರಾಬಾದಿಗೆ ಹೋದವರಿಗೆ ಇತ್ತು, ಬೆಂಗಳೂರಿಗೆ ಹೋದವರಿಗೆ ಇರಲಿಲ್ಲ. ಗುಳೆಯ ವರದಿ ಬರೆಯುವವರು ಮುಂಗಡ ಎಷ್ಟೆಂದು ಕೇಳುತ್ತಾರೆ. ಬರುವಾಗಿನ ಬಸ್ ಚಾರ್ಜು ಯಾರು ಕೊಟ್ಟರು ಎಂಬುದನ್ನೂ ಕೇಳಿ ಬರೆಯಲಿ.

– ಇಬ್ಬರು ಇತಿಹಾಸ ಉಪನ್ಯಾಸಕರು, ರಾಯಚೂರು