ಹುಡುಗನಿಗೆ ಇಂಟರ್ನೆಟ್ ಚಟವಂತೆ, ಭಾವನಿಗೆ ಬರೀ ಸಾಲವಂತೆ

ಗೆಳೆಯಾ,

ನಿನ್ನ ಉದ್ದನೆಯ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನ ಪೋಷಕರ ಸಭೆಯಲ್ಲೂ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ನೀನು ಹೂಂ ಅಂದಮೇಲೆ ಹೆಸರು, ಊರು ತೆಗೆದು ಇಲ್ಲಿ ಹಾಕಿದ್ದೇನೆ.

ಮಗ ರಾತ್ರಿ ಎರಡು ಗಂಟೆಯಾದರೂ ಮೊಬೈಲ್ ಬಿಡುವುದಿಲ್ಲ, ಇದು ಇಂಟರ್ನೆಟ್ ಅಡಿಕ್ಷನ್ ಅಲ್ಲದೆ ಇನ್ನೇನು, ಯಾರೋ ಹೇಳಿದ ಡಿ-ಅಡಿಕ್ಷನ್ ಸೆಂಟರ್‌ಗೆ ಸೇರಿಸಿಬಿಡಲೇ ಎಂದು ಕೇಳಿದ್ದೀಯ. ಸೇರಿಸಬೇಡ ಮಾರಾಯ. ಹುಡುಗನಿಗೆ ತೊಂದರೆಯೇ ಇಲ್ಲ ಅನ್ನುತ್ತಿಲ್ಲ. ಆದರೆ ನೀನು ಹೇಳುವ ಹೆಸರಿನ ಕಾಯಿಲೆ ಮನೋವೈದ್ಯರು ಕೈಯಲ್ಲಿ ಹಿಡಿಯುವ ಎರಡು ದೊಡ್ಡ ರೋಗಪಟ್ಟಿಗಳಲ್ಲಿ ಒಂದರಲ್ಲೂ ಇಲ್ಲ.

ಆ ಹೆಸರು ಹುಟ್ಟಿದ ಕತೆಯೇ ಮಜವಾಗಿದೆ. 1995ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಇವಾನ್ ಗೋಲ್ಡ್‌ಬರ್ಗ್, ಅಮೆರಿಕದ ರೋಗಪಟ್ಟಿಯಾದ ಡಿಎಸ್‌ಎಂ ಅನ್ನು ಅಣಕಿಸಲು 'ಇಂಟರ್ನೆಟ್ ಅಡಿಕ್ಷನ್ ಡಿಸಾರ್ಡರ್' ಅಂತ ಒಂದು ಸುಳ್ಳು ಕಾಯಿಲೆ ಬರೆದು ಹಾಕಿದ. ಲಕ್ಷಣಗಳಲ್ಲಿ ಒಂದು, ಬೆರಳುಗಳು ತಮ್ಮಷ್ಟಕ್ಕೆ ಟೈಪ್ ಮಾಡಿದಂತೆ ಆಡುವುದು! ನಗಲಿ ಅಂತ ಬರೆದರೆ ಜನ 'ನಮಗೂ ಇದು ಇದೆ' ಅಂತ ಬಂದರು. ಮರುವರ್ಷ ಕಿಂಬರ್ಲಿ ಯಂಗ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನೇ ಗಂಭೀರವಾಗಿ ಕೈಗೆತ್ತಿಕೊಂಡರು. ಜೂಜುಕೋರರನ್ನು ಗುರುತಿಸಲು ಇದ್ದ ಲಕ್ಷಣಗಳನ್ನು ತೆಗೆದುಕೊಂಡು, ಜೂಜು ಇದ್ದ ಕಡೆ ಇಂಟರ್ನೆಟ್ ಕೂರಿಸಿ 8 ಪ್ರಶ್ನೆ ಮಾಡಿದರು. 5ಕ್ಕೆ ಹೌದು ಅಂದರೆ ನೀನು ಅಡಿಕ್ಟ್. ಆದರೆ ಅವರಿಗೆ ಸಿಕ್ಕ 'ಅಡಿಕ್ಟ್'ಗಳು ಹೆಚ್ಚಾಗಿ ಕಾಲ ಕಳೆಯುತ್ತಿದ್ದದ್ದು ಎಲ್ಲಿ ಗೊತ್ತಾ? ಚಾಟ್ ರೂಮಿನಲ್ಲಿ, ಮತ್ತು ಹಲವರು ಸೇರಿ ಆಡುವ ಆಟಗಳಲ್ಲಿ. ಅಂದರೆ ಬೇರೆ ಮನುಷ್ಯರ ಜೊತೆ.

ಬಸ್ ಸ್ಟ್ಯಾಂಡಿನಲ್ಲಿ ಇಡೀ ದಿನ ಕೂತವನಿಗೆ ಬಸ್ ಸ್ಟ್ಯಾಂಡ್ ಚಟ ಹಿಡಿದಿದೆ ಅನ್ನುತ್ತೇವೆಯೇ? ಅಲ್ಲಿ ಇಸ್ಪೀಟ್ ಆಡುತ್ತಿದ್ದಾನೋ, ಗೆಳೆಯರಿಗೆ ಕಾಯುತ್ತಿದ್ದಾನೋ, ಮನೆಗೆ ಹೋಗಲು ಹೆದರಿ ಕೂತಿದ್ದಾನೋ ನೋಡಬೇಕಲ್ಲ.

ವೈದ್ಯರೂ ಕೊನೆಗೆ ಹಾಗೇ ಬೇರೆ ಬೇರೆ ಮಾಡಿದರು. 2013ರ ಡಿಎಸ್‌ಎಂ-5 ಜೂಜನ್ನು ಮಾತ್ರ ಹೆಂಡ, ಡ್ರಗ್ಸ್ ಇರುವ ಅಧ್ಯಾಯಕ್ಕೆ ಸೇರಿಸಿತು. ಇಂಟರ್ನೆಟ್ ಆಟಗಳನ್ನು 'ಇನ್ನೂ ಅಧ್ಯಯನ ಆಗಬೇಕು' ಅಂತ ಪುಸ್ತಕದ ಕೊನೆಯ ಭಾಗದಲ್ಲಿ ಇಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಹೆಜ್ಜೆ ಹೋಗಿ, 2022ರ ಜನವರಿಯಿಂದ ಜಾರಿಗೆ ಬಂದ ತನ್ನ ರೋಗಪಟ್ಟಿ ಐಸಿಡಿ-11ರಲ್ಲಿ 'ಗೇಮಿಂಗ್ ಡಿಸಾರ್ಡರ್' ಸೇರಿಸಿತು. ಅಲ್ಲಿ ದಿನಕ್ಕೆ ಇಷ್ಟು ಗಂಟೆ ಎಂಬ ಲೆಕ್ಕವಿಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ, ಓದು, ಸಂಬಂಧ ಎಲ್ಲಕ್ಕಿಂತ ಆಟವೇ ಮೊದಲಾಗಿರಬೇಕು, ಕೆಡುಕು ಕಂಡರೂ ಬಿಡದೆ ಮುಂದುವರಿಸುತ್ತಿರಬೇಕು, ಬದುಕು ನಿಜಕ್ಕೂ ಕೆಟ್ಟಿರಬೇಕು. ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ. ಅಂಥ ಮಕ್ಕಳು ಇದ್ದಾರೆ. ಕಡಿಮೆ ಇದ್ದಾರೆ.

ಈಗ ನಿನ್ನ ಮಗನ ವಿಷಯ. ನೀನು ಹೇಳುತ್ತ ಹೇಳುತ್ತ ಎರಡು ಮಾತು ಹಾಗೇ ದಾಟಿಸಿಬಿಟ್ಟೆ, ನನ್ನ ಕಿವಿ ಅಲ್ಲೇ ನಿಂತಿತು. ಒಂದು, ಇದೆಲ್ಲ ಶುರುವಾಗಿದ್ದು ನೀಟ್‌ನಲ್ಲಿ ಸೀಟು ಸಿಗದೆ ಕೋಚಿಂಗ್ ಬಿಟ್ಟು ಮನೆಗೆ ಬಂದಮೇಲೆ. ಇನ್ನೊಂದು, ಅವನ ಜೊತೆ ಆಡುವವರೆಲ್ಲ ಅವನ ಪಿಯುಸಿ ಗೆಳೆಯರೇ. ಅವರೀಗ ಒಬ್ಬೊಬ್ಬರು ಒಂದೊಂದು ಊರಿನ ಹಾಸ್ಟೆಲಿನಲ್ಲಿ. ಅವರಿಗೆ ಬಿಡುವಾಗುವುದು ರಾತ್ರಿ ಹತ್ತರ ಮೇಲೆ. ನಿನ್ನ ಮಗ ಎಚ್ಚರ ಇರುವುದೂ ಅದೇ ಹೊತ್ತಿಗೆ. ಹಗಲಿಡೀ ನೀವು ಅವನ ಜೊತೆ ಮಾರ್ಕ್ಸ್ ಬಿಟ್ಟು ಬೇರೆ ಏನಾದರೂ ಮಾತಾಡಿದ್ದೀರಾ? ನನಗೆ ಆಟಕ್ಕಿಂತ ಹೆಚ್ಚು ಭಯವಾಗಿದ್ದು ಅವನು ಊಟ ಕಡಿಮೆ ಮಾಡಿದ್ದಾನೆ, ಗಡ್ಡ ಬಿಟ್ಟಿದ್ದಾನೆ, ಅಜ್ಜಿಯ ಹತ್ತಿರವೂ ಮಾತಿಲ್ಲ ಅಂದದ್ದು. ಅದು ಖಿನ್ನತೆ ಇರಬಹುದು. ಹಾಗಿದ್ದರೆ ಮೊಬೈಲ್ ಕಿತ್ತುಕೊಂಡು ಬೀಗ ಹಾಕಿದ ಮಾತ್ರಕ್ಕೆ ಹೋಗುವುದಿಲ್ಲ, ಇರುವ ನಾಲ್ಕು ಗೆಳೆಯರೂ ಹೋಗುತ್ತಾರೆ ಅಷ್ಟೇ.

ಹೆಸರು ತಪ್ಪಿದರೆ ಏನು ಮಹಾ ಅನ್ನಬೇಡ. ಚೀನಾದಲ್ಲಿ 'ಇಂಟರ್ನೆಟ್ ಅಡಿಕ್ಷನ್' ಬಿಡಿಸಲು ಮಿಲಿಟರಿ ಶೈಲಿಯ ಶಿಬಿರಗಳೇ ಎದ್ದವು. ಶಾಂಡೊಂಗ್ ಪ್ರಾಂತ್ಯದ ಲಿನ್ಯಿಯ ಆಸ್ಪತ್ರೆಯೊಂದರಲ್ಲಿ ಮಕ್ಕಳಿಗೆ ಕರೆಂಟ್ ಶಾಕ್ ಕೊಡುತ್ತಿದ್ದರು. ಸೇರಿಸಿದವರು ಅಪ್ಪ ಅಮ್ಮಂದಿರೇ. 2009ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ಈ ಶಾಕ್ ನಿಲ್ಲಿಸಲು ಹೇಳಿತು. ನಿನಗೆ ಯಾರೋ ಹೇಳಿದ ಸೆಂಟರಿನಲ್ಲಿ ಏನು ಮಾಡುತ್ತಾರೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಹಾಗಂತ ಆ್ಯಪ್ ಮಾಡುವವರು ಸಾಚಾಗಳು ಅನ್ನುತ್ತಿಲ್ಲ. ತಳವೇ ಸಿಗದಂತೆ ಸ್ಕ್ರೋಲ್ ಆಗುತ್ತದಲ್ಲ, ಅದನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬಾತನೇ ಆಮೇಲೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟ. ಎಲ್ಲ ತಪ್ಪನ್ನೂ ಹುಡುಗನ ಮಿದುಳಿನ ಮೇಲೆ ಹೊರಿಸಿ 'ಚಟ' ಅಂದುಬಿಟ್ಟರೆ ಇಂಥದ್ದನ್ನೆಲ್ಲ ಕಟ್ಟಿದವರು ಆರಾಮಾಗಿ ತಪ್ಪಿಸಿಕೊಳ್ಳುತ್ತಾರೆ.

ಇನ್ನು ನೀನು ಕೇಳದೇ ಇದ್ದದ್ದು. ನಿನ್ನ ಭಾವ ಆನ್‌ಲೈನ್ ರಮ್ಮಿಯಲ್ಲಿ ಕಳೆದುಕೊಂಡು ಅಕ್ಕನ ಒಡವೆ ಅಡ ಇಟ್ಟದ್ದನ್ನು ನೀನು 'ಸ್ವಲ್ಪ ಸಾಲ ಆಗಿದೆ' ಅಂತ ಮುಗಿಸಿದೆ. ಕಳೆದದ್ದನ್ನು ವಾಪಸ್ ಗೆಲ್ಲಲು ಮತ್ತೆ ಹಾಕುವುದು, ಮನೆಯವರಿಗೆ ಸುಳ್ಳು ಹೇಳುವುದು, ಬಿಡುತ್ತೇನೆ ಅಂತ ದೇವರ ಮುಂದೆ ಆಣೆ ಮಾಡಿ ವಾರದಲ್ಲಿ ಮುರಿಯುವುದು. ಜೂಜಿನ ಚಟದ ಲಕ್ಷಣ ಅಂತ ಡಿಎಸ್‌ಎಂನಲ್ಲಿ ಬರೆದಿರುವುದು ಬಹುಪಾಲು ಇದೇ ಕಣೋ! ನಿಮ್ಮ ಮನೆಯಲ್ಲಿ ಯಾರಿಗಾದರೂ 'ಚಟ' ಎಂಬ ಹೆಸರು ಸಲ್ಲುವುದಾದರೆ ಅದು ಭಾವನಿಗೆ. ನಮ್ಮ ರಾಜ್ಯ 2021ರಲ್ಲಿ ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಕಾನೂನಿನ ಮುಖ್ಯ ಭಾಗ ಹೊಡೆದುಹಾಕಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ ಇಡೀ ದೇಶಕ್ಕೆ ನಿಷೇಧದ ಕಾನೂನು ತಂದಿತು. ಕಾನೂನು ಬಂತು ಅಂತ ಭಾವನ ಕೈ ಸುಮ್ಮನಿರುತ್ತದೆ ಅಂದುಕೊಳ್ಳಬೇಡ, ಕಳ್ಳದಾರಿಗಳು ಇದ್ದೇ ಇರುತ್ತವೆ. ಮಗನ ರಾತ್ರಿಯ ಆಟದಲ್ಲಿ ದುಡ್ಡು ಹೋಗುತ್ತಿಲ್ಲ, ಹೋಗುತ್ತಿರುವುದು ನಿದ್ದೆ.

ಮೊದಲು 14416ಕ್ಕೆ ನೀನೇ ಫೋನ್ ಮಾಡು. ಟೆಲಿ-ಮಾನಸ್ ಅಂತ ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿದ್ದೆ, ಊಟದ ವಿಷಯ ಮೊದಲು ಹೇಳು, ಮೊಬೈಲ್ ಆಮೇಲೆ. ಅವರು ನೋಡಿಸಿ ಅಂದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ. ಬೆಂಗಳೂರಿಗೇ ಹೋಗಬೇಕಾಗಿ ಬಂದರೆ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೇ 'ಶಟ್' ಕ್ಲಿನಿಕ್ ಇದೆ. ಮೊಬೈಲನ್ನು ಹಿಡಿತದಲ್ಲಿ ಬಳಸುವುದನ್ನು ಅಲ್ಲಿ ಕಲಿಸುತ್ತಾರೆ.

ರಾತ್ರಿ ವೈಫೈ ಆರಿಸುವ ನಿನ್ನ ಉಪಾಯ ಬಿಟ್ಟುಬಿಡು, ಅವನ ಸಿಮ್ಮಿನಲ್ಲಿ ಡೇಟಾ ಇದೆ, ಜಗಳ ಒಂದು ಹೆಚ್ಚುತ್ತದೆ. ಭಾನುವಾರ ನಾನು ಬರುತ್ತೇನೆ. ಹುಡುಗನ ಜೊತೆ ಆ ಆಟ ಆಡಿ ನೋಡುವುದಿದೆ, ಕಲಿಸಿಕೊಡು ಅಂತ ಅವನಿಗೇ ಹೇಳಿಟ್ಟಿರು. ಒಡವೆ ಎಲ್ಲಿ ಅಡ ಇಟ್ಟಿದ್ದಾರೆ, ಬಡ್ಡಿ ಎಷ್ಟು, ಅಷ್ಟರೊಳಗೆ ಅಕ್ಕನನ್ನು ಕೇಳಿಟ್ಟುಕೋ. ಭಾವನನ್ನು ಕೇಳಬೇಡ.

ನಿನ್ನ,
ಮೇಷ್ಟ್ರು